ಅತ್ತಿಗೆ, ನಿಮ್ಮ ರಸೀದಿ ಅಟ್ಟದಲ್ಲಿದೆ

ಅತ್ತಿಗೆ, ಬೆಳಿಗ್ಗೆ ಗುಂಪಿನಲ್ಲಿ ಕೇಳಿದ್ದಿರಲ್ಲ, ಟ್ಯಾಬ್‌ನಲ್ಲಿ ಜೀಮೇಲ್ ನೋಡುವಾಗ ಬೆರಳು ತಾಗಿ ವಿಮೆ ಕಂತಿನ ರಸೀದಿ ಸರ್ರನೆ ಪಕ್ಕಕ್ಕೆ ಸರಿದು ಮಾಯವಾಯಿತು ಅಂತ. ಆಗ ಒಲೆ ಮುಂದಿದ್ದೆ. ಟೈಪ್ ಮಾಡುತ್ತಾ ಕೂತರೆ ಸಂಜೆಯಾಗುತ್ತದೆ, ಬಾಯಲ್ಲೇ ಹೇಳಿಬಿಡುತ್ತೇನೆ. ನಡುವೆ ಕುಕ್ಕರ್ ಕೂಗಿದರೆ ಬೇಜಾರು ಮಾಡ್ಕೋಬೇಡಿ.

ರಸೀದಿ ಎಲ್ಲೂ ಹೋಗಿಲ್ಲ. ಪಟ್ಟಿಯಲ್ಲಿರುವ ಮೇಲನ್ನು ಬೆರಳಿನಿಂದ ಪಕ್ಕಕ್ಕೆ ತಳ್ಳಿದರೆ ಅದು ಆರ್ಕೈವ್ ಆಗುತ್ತದೆ. ಯಾರೂ ಸೆಟ್ಟಿಂಗ್ಸ್ ಬದಲಾಯಿಸಿಲ್ಲ ಅಂದರೆ ಹಾಗೇ. ಆರ್ಕೈವ್ ಅಂದರೆ ನಮ್ಮ ಊರಮನೆಯ ಅಟ್ಟ ಅಂದುಕೊಳ್ಳಿ. ಹಬ್ಬದ ದೊಡ್ಡ ಪಾತ್ರೆಗಳು ಕಣ್ಣಿಗೆ ಬೀಳುವುದಿಲ್ಲ, ಆದರೆ ಮನೆಯೊಳಗೇ ಇರುತ್ತವೆ, ಅಲ್ವಾ? ಡಿಲೀಟ್ ಬೇರೆ. ಅದು ಕಸದ ಬುಟ್ಟಿ. ಅಲ್ಲೂ 30 ದಿನ ಬಿದ್ದಿರುತ್ತದೆ, ಆಮೇಲೆ ತಾನಾಗೇ ಅಳಿಸಿಹೋಗುತ್ತದೆ.

ಈಗ ಟ್ಯಾಬ್ ಅಡ್ಡ ಹಿಡಿಯಿರಿ. ಎಡಕ್ಕೆ ಪಟ್ಟಿ, ಬಲಕ್ಕೆ ತೆರೆದ ಮೇಲ್, ಎರಡೂ ಒಟ್ಟಿಗೆ ಕಾಣುತ್ತವೆ. ಫೋನಿಗಿಂತ ಟ್ಯಾಬ್ ನನಗೆ ಹಿಡಿಸಿದ್ದು ಇದಕ್ಕೇ. ಮೇಲೆ ಎಡಮೂಲೆಯಲ್ಲಿ ಮೂರು ಗೆರೆ ಇದೆ, ಒತ್ತಿ. ಕೆಳಗೆ ಹೋದರೆ ಆಲ್ ಮೇಲ್ ಅಂತ ಇದೆ, ಅಲ್ಲಿರುತ್ತದೆ ನಿಮ್ಮ ರಸೀದಿ. ರಾಶಿ ಜಾಸ್ತಿ ಇದ್ದರೆ ಮೇಲಿನ ಹುಡುಕುವ ಜಾಗದಲ್ಲಿ ಕಂಪನಿಯ ಹೆಸರು ಹಾಕಿ. ಆಗ ಅಟ್ಯಾಚ್‌ಮೆಂಟ್ ಅಂತ ಸಣ್ಣ ಗುಂಡಿ ಬರುತ್ತದೆ. ಅದನ್ನು ಒತ್ತಿದರೆ ಪಿಡಿಎಫ್ ಗಿಡಿಎಫ್ ಅಂಟಿಸಿರುವ ಮೇಲ್‌ಗಳಷ್ಟೇ ಉಳಿಯುತ್ತವೆ. ಸಿಕ್ಕಿತಾ? ತೆರೆದು, ಮೂರು ಚುಕ್ಕಿ ಒತ್ತಿ, ಮೂವ್ ಟು ಇನ್‌ಬಾಕ್ಸ್ ಅನ್ನಿ. ಅಷ್ಟೇ.

ಇನ್ನು ಲೇಬಲ್ ಬಗ್ಗೆ ಕೇಳಿದ್ದಿರಿ. ನನ್ನ ಕಥೆ ಕೇಳಿ, ನಗಬೇಡಿ. ರಿಟೈರ್ ಆದ ಹೊಸದರಲ್ಲಿ ಉತ್ಸಾಹ ನೋಡಿ, ಗ್ಯಾಸಿಗೊಂದು, ಕರೆಂಟಿಗೊಂದು, ನೀರಿಗೊಂದು ಅಂತ 22 ಲೇಬಲ್ ಮಾಡಿದ್ದೆ. ಆಮೇಲೆ ಮೇಲ್ ಹುಡುಕುವುದಕ್ಕಿಂತ ಅದು ಯಾವ ಲೇಬಲ್‌ನಲ್ಲಿದೆ ಅಂತ ಹುಡುಕುವುದೇ ಕೆಲಸವಾಯಿತು. ಈಗ ಐದೇ. ಬ್ಯಾಂಕು, ವಿಮೆ, ತೆರಿಗೆ, ಡಾಕ್ಟರು, ಮಕ್ಕಳು. ಹೆಸರು ಕನ್ನಡದಲ್ಲೇ ಇಟ್ಟಿದ್ದೇನೆ, ತಕರಾರಿಲ್ಲದೆ ತೆಗೆದುಕೊಳ್ಳುತ್ತದೆ. ಲೇಬಲ್ ಅಂದರೆ ಡಬ್ಬಿಯಲ್ಲ, ಡಬ್ಬಿ ಮೇಲೆ ಅಂಟಿಸುವ ಚೀಟಿ. ಒಂದೇ ರಸೀದಿಗೆ ವಿಮೆ ಚೀಟಿಯನ್ನೂ ಹಚ್ಚಬಹುದು, ತೆರಿಗೆ ಚೀಟಿಯನ್ನೂ ಹಚ್ಚಬಹುದು. ರಿಟರ್ನ್ಸ್ ತುಂಬುವ ಹೊತ್ತಿಗೆ ಇದೊಂದು ದೊಡ್ಡ ಉಪಕಾರ. ಹೊಸ ಲೇಬಲ್‌ಗಳನ್ನು ನಾನು ಮಗಳ ಲ್ಯಾಪ್‌ಟಾಪ್‌ನಲ್ಲಿ ಮಾಡಿಕೊಂಡೆ. ಹಚ್ಚುವುದೆಲ್ಲ ಟ್ಯಾಬ್‌ನಲ್ಲೇ. ಕಳಿಸಿದವರ ಹೆಸರಿನ ಪಕ್ಕದ ಉರುಟು ಚಿತ್ರ ಮುಟ್ಟಿದರೆ ಆ ಮೇಲ್ ಆಯ್ಕೆಯಾಗುತ್ತದೆ. ಹೀಗೆ ಹತ್ತು ಮೇಲ್ ಆರಿಸಿ ಒಂದೇ ಸಲಕ್ಕೆ ಚೀಟಿ ಹಚ್ಚಿಬಿಡಿ.

ಸೀರೆ ಅಂಗಡಿಯವರ ಮೇಲ್ ದಿನಾ ಬರುತ್ತದೆ ಅಂದಿರಲ್ಲ, ತೆರೆದರೆ ಅನ್‌ಸಬ್‌ಸ್ಕ್ರೈಬ್ ಅಂತ ಇರುತ್ತದೆ. ಗುರುತಿರುವ ಅಂಗಡಿಯಾದರೆ ಮಾತ್ರ ಒತ್ತಿ. ಗುರುತಿಲ್ಲದವರದ್ದಾದರೆ ಸುಮ್ನೆ ಸ್ಪ್ಯಾಮ್‌ಗೆ ತಳ್ಳಿ.

ಹಾಂ, ಅಣ್ಣನಿಗೆ ಒಂದು ಮಾತು. ಪುಕ್ಕಟೆ ಸಿಗುವುದು 15 ಜಿಬಿ ಜಾಗ, ಅದೂ ಮೇಲ್, ಫೋಟೋ, ಡ್ರೈವ್ ಎಲ್ಲಕ್ಕೂ ಸೇರಿ. ನಾಮಕರಣದ ವಿಡಿಯೋ ಎಲ್ಲಾ ತುಂಬಿಸಿ ಜಾಗ ಮುಗಿದರೆ ಹೊಸ ಮೇಲ್ ಬರುವುದೇ ನಿಂತುಬಿಡುತ್ತದೆ. ಅಟ್ಟಕ್ಕೆ ಹಾಕಿದರೆ ಜಾಗ ಉಳಿಯುವುದಿಲ್ಲ, ಬುಟ್ಟಿಗೇ ಹಾಕಿ ಬುಟ್ಟಿಯನ್ನೂ ಖಾಲಿ ಮಾಡಬೇಕು. ಹುಡುಕುವ ಕಡೆ ಇಂಗ್ಲಿಷಿನಲ್ಲಿ ಲಾರ್ಜರ್ ಅಂತ ಬರೆದು, ಒಂದರ ಮೇಲೊಂದು ಎರಡು ಚುಕ್ಕಿ ಇಟ್ಟು, ಜಾಗ ಬಿಡದೆ 10ಎಂ ಅಂತ ಹಾಕಿದರೆ 10 ಎಂಬಿಗಿಂತ ಭಾರದ ಮೇಲ್‌ಗಳೆಲ್ಲ ಎದುರಿಗೆ ಬಂದು ನಿಲ್ಲುತ್ತವೆ.

ಕುಕ್ಕರ್ ಮೂರು ಕೂಗಿತು, ನಿಲ್ಲಿಸುತ್ತೇನೆ. ಸಿಗದಿದ್ದರೆ ಆರು ಗಂಟೆ ಮೇಲೆ ಫೋನ್ ಮಾಡಿ. ಪಾಸ್‌ವರ್ಡ್ ಮಾತ್ರ ಹೋದ ಸಲದ ಹಾಗೆ ಈ ಗುಂಪಿನಲ್ಲಿ ಹಾಕಬೇಡಿ ಅತ್ತಿಗೆ, ಇಲ್ಲಿ 43 ಜನ ಇದ್ದೇವೆ.