ಕೊಂಬೆ ಸವರುವಾಗ ಸೇರಿಕೊಂಡ ಹೆಚ್ಚುವರಿ ಕೆಲಸ: ಬಿಲ್ ಒಪ್ಪದಿದ್ದರೆ ಏನು ಮಾಡೋದು?

ಹಸಿರುಗತ್ತರಿ:
ಕೊಟೇಶನ್‌ನಲ್ಲಿ ಇದ್ದದ್ದು ಮೂರು ಮರ. ಎರಡನ್ನು ಸವರೋದು, ಒಂದನ್ನು ಬೊಡ್ಡೆಸಮೇತ ತೆಗೆಯೋದು. ಕೆಲಸ ನಡೆಯುವಾಗ ಮನೆಯವರು "ಗೋಡೆ ಪಕ್ಕದ ಆ ಒಣ ಕೊಂಬೆನೂ ತೆಗೆದುಬಿಡಿ" ಅಂದರು, ಹುಡುಗರು ತೆಗೆದರು. ಕಡಿಯಬೇಕಿದ್ದ ಮರದ ಬುಡ ಒಳಗೆ ಟೊಳ್ಳು, ಹತ್ತೋ ಹಾಗಿರಲಿಲ್ಲ, ಲಿಫ್ಟ್ ಬಾಡಿಗೆಗೆ ತರಿಸಬೇಕಾಯಿತು. ಬೊಡ್ಡೆ ಅರೆಯುವಾಗ ಕಲ್ಲಿಗೆ ತಾಗಿ ಯಂತ್ರದ ಎರಡು ಹಲ್ಲು ಮುರಿದವು. ಎಲ್ಲ ಸೇರಿಸಿ ಬಿಲ್ ಕೊಟ್ಟರೆ "ಮಾತಾಡಿದ್ದು ಇಷ್ಟೇ" ಅಂತ ಪೂರ್ತಿ ಹಣವನ್ನೇ ತಡೆಹಿಡಿದಿದ್ದಾರೆ. ಯಾವುದಕ್ಕೆ ಪಟ್ಟು ಹಿಡಿಯಬಹುದು, ಯಾವುದನ್ನು ಬಿಡಬೇಕು? ಮುಂದಿನ ಸಲ ಕೊಟೇಶನ್ ಹೇಗೆ ಬರೆಯಲಿ?

ಬಿಲ್‌ಬುಕ್:
ಮೊದಲು ಮೂರನ್ನೂ ಒಂದೇ ಗಂಟು ಕಟ್ಟಬೇಡಿ. ಒಂದು ಅವರು ಕೇಳಿ ಮಾಡಿಸಿದ್ದು, ಒಂದು ಕೆಲಸದ ನಡುವೆ ಗೊತ್ತಾಗಿದ್ದು, ಒಂದು ನಿಮ್ಮ ಕಸುಬಿನ ಖರ್ಚು.

ಒಣ ಕೊಂಬೆ ಅವರೇ ಕೇಳಿದ್ದು, ಅವರ ಕಣ್ಣೆದುರೇ ಆಗಿದ್ದು. ಬೆಲೆ ಹೇಳದೆ ಕೈ ಹಾಕಿದ್ದು ತಪ್ಪಾದರೂ ಕೂಲಿ ಕೇಳೋದು ನ್ಯಾಯವೇ. ಆದರೆ ಇಡೀ ಮರದ ದರ ಹಾಕಿದರೆ ಅದು ನಿಲ್ಲೋದಿಲ್ಲ. ಇಬ್ಬರು ಅರ್ಧ ಗಂಟೆ ಅಂದರೆ ಒಂದು ಆಳು-ಗಂಟೆ, ಜೊತೆಗೆ ಆ ಕೊಂಬೆಯ ಕಸ ಸಾಗಿಸಿದ ಖರ್ಚು. ಅಷ್ಟನ್ನೇ ಬಿಡಿಸಿ ತೋರಿಸಿ.

ಟೊಳ್ಳು ಬುಡದ್ದು ಸ್ವಲ್ಪ ಸೂಕ್ಷ್ಮ. ಬೆಲೆ ಹೇಳಲು ಹೋದ ದಿನ ಅದು ಗೊತ್ತಾಗುವಂತಿತ್ತೇ? ಬುಡದಲ್ಲಿ ಅಣಬೆ, ತೊಗಟೆ ಒಳಗೆ ಕುಸಿದ ಜಾಗ, ಸುತ್ತಿಗೆಯ ಹಿಡಿಯಿಂದ ತಟ್ಟಿದರೆ ಡೋಲು ಬಾರಿಸಿದ ಹಾಗೆ ಸದ್ದು. ಇವು ಇದ್ದೂ ನೋಡದೆ ಬೆಲೆ ಹೇಳಿದ್ದರೆ ಅದು ನಿಮ್ಮ ಅಂದಾಜಿನ ತಪ್ಪು, ಗ್ರಾಹಕರ ತಲೆಗೆ ಕಟ್ಟಬೇಡಿ. ಹೊರಗೆ ಏನೂ ಕಾಣದೆ ಗರಗಸ ಇಟ್ಟಾಗಲೇ ಗೊತ್ತಾಗಿದ್ದರೆ ಕೊಯ್ದ ಮುಖದ ಫೋಟೊ ಮತ್ತು ಲಿಫ್ಟ್ ಬಾಡಿಗೆಯ ರಸೀದಿ ಕೊಡಿ. ಅದರ ಮೇಲೆ ಲಾಭ ಹಾಕಬೇಡಿ. ಜಗಳದಲ್ಲಿರುವ ಸಾಲಿನಲ್ಲಿ ಲಾಭ ಕಂಡರೆ ಉಳಿದ ಸಾಲುಗಳ ಮೇಲೂ ಅನುಮಾನ ಹುಟ್ಟುತ್ತದೆ.

ಹಲ್ಲಿನ ಲೆಕ್ಕ ಬಿಟ್ಟುಬಿಡಿ. ಸವೆಯೋದೇ ಅದರ ಕೆಲಸ, ಗಂಟೆಯ ದರದೊಳಗೇ ಅದು ಸೇರಿರಬೇಕು.

ಈಗ ಹಣದ ವಿಷಯ. ಬಿಲ್ಲನ್ನು ಇವತ್ತೇ ಎರಡು ಮಾಡಿ: ಒಂದರಲ್ಲಿ ಒಪ್ಪಿದ ಮೊತ್ತ, ಇನ್ನೊಂದರಲ್ಲಿ ಹೆಚ್ಚುವರಿ. "ತಕರಾರು ಎರಡನೇ ಬಿಲ್ಲಿನದು, ಮೊದಲನೆಯದಕ್ಕೆ ತಕರಾರಿಲ್ಲ, ಇಂಥ ದಿನದೊಳಗೆ ಕೊಡಿ" ಅಂತ ಬರಹದಲ್ಲಿ ಕೇಳಿ. ಒಂದೇ ಬಿಲ್ ಇದ್ದಷ್ಟು ದಿನ ಹತ್ತು ಭಾಗದ ಜಗಳಕ್ಕೆ ನೂರು ಭಾಗದ ಹಣ ಸಿಕ್ಕಿಕೊಂಡಿರುತ್ತದೆ. ಹಣ ಬಂದಾಗ ರಸೀದಿಯಲ್ಲಿ "ಭಾಗಶಃ ಪಾವತಿ, ಬಾಕಿ ಇಷ್ಟು" ಅಂತ ಬರೆಯೋದು ಮರೆಯಬೇಡಿ. "ಲೆಕ್ಕ ಚುಕ್ತಾ" ಅಂತ ಬರೆದ ಕಾಗದಕ್ಕೆ ಸಹಿ ಹಾಕಿದರೆ ಎರಡನೇ ಬಿಲ್ ಅಲ್ಲಿಗೇ ಮುಗಿಯಿತು ಅಂದುಕೊಳ್ಳಿ.

ರಾಜಿಗೆ ಬಂದರೆ ಬೆಲೆಯನ್ನೇ ತಿದ್ದಬೇಡಿ. ಪೂರ್ತಿ ಬೆಲೆ ಬರೆದು, ಕೆಳಗೆ "ರಿಯಾಯಿತಿ" ಅಂತ ಬೇರೆ ಸಾಲು ಹಾಕಿ. ಇಲ್ಲದಿದ್ದರೆ ಮುಂದಿನ ವರ್ಷ ಅದೇ ನಿಮ್ಮ ದರ ಆಗಿರುತ್ತದೆ.

ಹಗ್ಗಗಂಟು:
ಕೊಟೇಶನ್ ಬಗ್ಗೆ ನನ್ನ ಮಾತು. "ಮರ ಸವರುವುದು" ಅನ್ನೋ ಒಂದು ಸಾಲು ಜಗಳಕ್ಕೆ ಕೊಟ್ಟ ಆಹ್ವಾನ. "ಶೇ 30 ಕಡಿಮೆ ಮಾಡುವುದು" ಅನ್ನೋದೂ ಅಷ್ಟೇ, ಯಾವುದರ ಶೇ 30? ಬ್ರಿಟನ್ನಿನ ಮರ-ಆರೈಕೆಯ ಮಾನದಂಡ ಬಿಎಸ್ 3998 (2010ರ ಆವೃತ್ತಿ) ಕೂಡ ಸಾಧ್ಯವಾದಷ್ಟೂ ನಿಜವಾದ ಅಳತೆಯಲ್ಲಿ ಬರೆಯಿರಿ ಅನ್ನುತ್ತದೆ: ಕೆಲಸ ಮುಗಿದ ಮೇಲೆ ಮರ ಎಷ್ಟು ಮೀಟರ್ ಎತ್ತರ, ಎಷ್ಟು ಅಗಲ ಉಳಿಯಬೇಕು ಅಂತ. ಚಾವಣಿಯಿಂದ 2 ಮೀಟರ್ ಅಂತರ, 5 ಸೆಂ.ಮೀ.ಗಿಂತ ದಪ್ಪದ ಒಣ ಕೊಂಬೆ ಮಾತ್ರ, ಹೀಗೆ. ಪ್ರತಿ ಮರಕ್ಕೂ ನಂಬರ್ ಕೊಟ್ಟು, ಫೋಟೊದ ಮೇಲೆ ಗೆರೆ ಎಳೆದು ಕಳಿಸಿ.

ಬೊಡ್ಡೆಗೆ ಆಳ ಬರೆಯಲೇಬೇಕು. ಹುಲ್ಲು ಹಾಕಲು ನೆಲಮಟ್ಟದಿಂದ 15 ಸೆಂ.ಮೀ. ಕೆಳಗೆ ಅರೆದರೆ ಸಾಕಾಗಬಹುದು, ಅದೇ ಜಾಗದಲ್ಲಿ ಗಿಡ ನೆಡಲು 30 ಸೆಂ.ಮೀ. ಆದರೂ ಬೇಕು. ಇನ್ನೊಂದು ತಕರಾರು ಅರೆದ ಚೂರಿನ ರಾಶಿಯದು. ಮಣ್ಣು ಬೆರೆತು ಉಬ್ಬಿ, ಇದ್ದ ಬೊಡ್ಡೆಗಿಂತ ಎಷ್ಟೋ ದೊಡ್ಡದಾಗಿ ಕಾಣುತ್ತದೆ. ಸಾಗಿಸೋದು ಸೇರಿದೆಯೋ, ಅಲ್ಲೇ ಗುಂಡಿಗೆ ತುಂಬೋದೋ ಅಂತ ಬರೆಯದಿದ್ದರೆ ಒಂದು ಟ್ರಿಪ್ ಬಿಟ್ಟಿ ಹೊಡೆಯಬೇಕಾಗುತ್ತದೆ. ದಿಮ್ಮಿ ಯಾರಿಗೆ ಅನ್ನೋದೂ ಬರೆಯಿರಿ.

ಹುಡುಗರಿಗೆ ಒಂದೇ ಮಾತು ಕಲಿಸಿ: "ಮಾಡಬಹುದು, ಬೆಲೆ ಕೇಳಿ ಹೇಳ್ತೀವಿ." ಮರದ ಮೇಲಿಂದ ಬರುವ "ಹೂಂ" ಕೆಳಗೆ ನಿಂತವರಿಗೆ "ಬಿಟ್ಟಿ" ಅಂತ ಕೇಳಿಸುತ್ತದೆ. ಆಮೇಲೆ ಕಳಿಸಬೇಕಾದ ಮೆಸೇಜ್ ಇಷ್ಟೇ:

"ಮರ 2, ಗೋಡೆ ಕಡೆಯ ಒಣ ಕೊಂಬೆ, ಸುಮಾರು 18 ಸೆಂ.ಮೀ. ದಪ್ಪ. ಮೊದಲ ಕೊಟೇಶನ್‌ನಲ್ಲಿ ಇಲ್ಲ. ಇಬ್ಬರು, ಅರ್ಧ ಗಂಟೆ, ಕಸ ಸಾಗಣೆ ಸೇರಿ ಒಟ್ಟು ಇಷ್ಟು. 'ಒಪ್ಪಿಗೆ' ಅಂತ ಕಳಿಸಿದ ಮೇಲೆ ತೆಗೆಯುತ್ತೇವೆ."

ಇದರ ಜೊತೆಗೆ ಆ ಕೊಂಬೆಯ ಫೋಟೊ. ಒಪ್ಪಿಗೆ ಕೊಡಬೇಕಾದವರು ಕೊಟೇಶನ್‌ಗೆ ಸಹಿ ಹಾಕಿದವರೇ. ಬಾಡಿಗೆಗೆ ಇರುವವರು, ಕಾವಲುಗಾರ, ಪಕ್ಕದ ಮನೆಯವರು "ಆಯ್ತು" ಅಂದರೆ ಲೆಕ್ಕಕ್ಕಿಲ್ಲ.

ಚೂರುಪಾರು:
ಮರದೊಳಗಿನ ಮೊಳೆ, ತಂತಿಗೂ ಒಂದು ಸಾಲು ಬೇಕು. ಟ್ಯಾನಿನ್ (ಮರದಲ್ಲಿರುವ ಒಗರು ಅಂಶ) ಹೆಚ್ಚಿರುವ ಮರದಲ್ಲಿ ಕಬ್ಬಿಣ ಇದ್ದರೆ ಕೊಯ್ದ ಮುಖದಲ್ಲಿ ನೀಲಿ-ಕಪ್ಪು ಕಲೆ ಕಾಣುತ್ತದೆ. ಕಲೆ ಕಂಡಲ್ಲೇ ನಿಲ್ಲಿಸಿ ಫೋಟೊ ತೆಗೆಯಿರಿ. ಗರಗಸದ ಚೈನ್ ಹಾಳಾದ ಮೇಲೆ ತೆಗೆದ ಫೋಟೊಗೆ "ನೋಡಿಕೊಂಡು ಕೊಯ್ಯಬೇಕಿತ್ತು" ಅನ್ನೋ ಉತ್ತರ ಬರುತ್ತದೆ.

ಇನ್ನು, ಕೊಟೇಶನ್‌ನಲ್ಲೇ "ಶೇ 10ರವರೆಗಿನ ಹೆಚ್ಚುವರಿ ಕೆಲಸ ಕೇಳದೆ ಮಾಡಬಹುದು" ಅಂತ ಹಾಕಿದರೆ ಈ ಮೆಸೇಜ್ ರಗಳೆಯೇ ಬೇಡ.

ಬಿಲ್‌ಬುಕ್:
ಚೂರುಪಾರು, ಮೊಳೆ ಸರಿ, ಶೇ 10 ಒಪ್ಪಲಾರೆ. ಅದನ್ನು ಓದಿದವರು ಬೆಲೆಯೇ ಶೇ 10 ಜಾಸ್ತಿ ಅಂತ ತಿಳೀತಾರೆ, ಪ್ರತಿ ಬಿಲ್ಲೂ ಸರಿಯಾಗಿ ಶೇ 10ಕ್ಕೇ ಮುಟ್ಟಿದರೆ ಅವರ ಅನುಮಾನ ಸುಳ್ಳೂ ಅಲ್ಲ. ಅಪಾಯ ತಪ್ಪಿಸುವ ಕೆಲಸಕ್ಕೆ ಮಾತ್ರ ಅಂಥ ಸಾಲು ಇರಲಿ: ಅರ್ಧ ಮುರಿದು ನೇತಾಡುವ ಕೊಂಬೆಯನ್ನು ಒಪ್ಪಿಗೆಗೆ ಕಾಯುತ್ತಾ ಬಿಟ್ಟು ಬರೋಕಾಗಲ್ಲ. ಇಷ್ಟು ಗಂಟೆ ಮೀರದಂತೆ ಅಂತ ಮಿತಿ ಹಾಕಿ.

ಹಸಿರುಗತ್ತರಿ:
ಬಿಲ್ ಎರಡು ಮಾಡುತ್ತೇನೆ, ಹಲ್ಲಿನ ಲೆಕ್ಕ ತೆಗೆಯುತ್ತೇನೆ. ಮೆಸೇಜ್‌ಗೆ ಉತ್ತರವೇ ಬಾರದಿದ್ದರೆ? ಆಳುಗಳು ಸುಮ್ಮನೆ ಕೂತಿರುತ್ತಾರಲ್ಲ.

ಹಗ್ಗಗಂಟು:
ಅನುಮಾನ ಇರುವ ಮರವನ್ನು ದಿನದ ಕೊನೆಗೆ ಇಟ್ಟುಕೊಳ್ಳಿ, ಉತ್ತರ ಬರುವಷ್ಟರಲ್ಲಿ ಬೇರೆ ಮರ ಮುಗಿಯುತ್ತದೆ. ಅಷ್ಟಾದರೂ ಬರದಿದ್ದರೆ ಒಮ್ಮೆ ಫೋನ್ ಮಾಡಿ, ಎತ್ತದಿದ್ದರೆ ಮರವನ್ನು ಅಪಾಯವಿಲ್ಲದ ಸ್ಥಿತಿಗೆ ತಂದು, ಫೋಟೊ ತೆಗೆದು, "ಈ ಭಾಗ ಮಾಡಿಲ್ಲ" ಅಂತ ಬರೆದು ಹೊರಡಿ. ಮತ್ತೆ ಬರಬೇಕಾದರೆ ಎಷ್ಟು ಅನ್ನೋದು ಕೊಟೇಶನ್‌ನಲ್ಲಿ ಮೊದಲೇ ಇರಲಿ. ಆ ಸಾಲು ಇದ್ದರೆ ಫೋನ್ ಬೇಗ ಎತ್ತುತ್ತಾರೆ.