ಜೋಡಣೆ ಶೇ. 91, ಎಣಿಕೆ ಶೇ. 4: ರೀಡ್‌ಗಳೆಲ್ಲ ಎಲ್ಲಿ ಹೋದವು?

ಮೆಣಸುಬಳ್ಳಿ, ತೀರ್ಥಹಳ್ಳಿ:
ನಮಸ್ಕಾರ. ಕಾಳುಮೆಣಸಿನ ಸೊರಗು ರೋಗದ ಮೇಲೆ ಕೆಲಸ ಮಾಡುತ್ತಿದ್ದೇನೆ. ಆರು ಒಳ್ಳೆಯ ಬಳ್ಳಿ, ಆರು ಫೈಟಾಫ್ತೊರಾ ರೋಗಾಣು ತಗುಲಿದ ಬಳ್ಳಿ. ಒಟ್ಟು 12 ಮಾದರಿಗಳ ಆರ್‌ಎನ್‌ಎ ಸೀಕ್ವೆನ್ಸಿಂಗ್ ದತ್ತಾಂಶ, ಅಂದರೆ ಜೀನ್‌ಗಳಿಂದ ಬಂದ ಆರ್‌ಎನ್‌ಎಯನ್ನು ಓದಿದ ಚಿಕ್ಕ ಅನುಕ್ರಮಗಳು (ರೀಡ್‌ಗಳು), ಕೈಯಲ್ಲಿದೆ. ನಾವು ಬಳಸುವ ಮುಕ್ತ ತಂತ್ರಾಂಶದ ಪೈಪ್‌ಲೈನ್‌ನಲ್ಲಿ (ಒಂದರ ನಂತರ ಒಂದು ಓಡುವ ಹಂತಗಳ ಸರಣಿ) ರೀಡ್‌ಗಳನ್ನು ಜೀನೋಮ್‌ನ ಮೇಲೆ ಕೂರಿಸುವ ಜೋಡಣೆಗೆ ಸ್ಟಾರ್, ಜೀನ್‌ವಾರು ಎಣಿಕೆಗೆ ಎಚ್‌ಟಿಸೆಕ್. ಜೋಡಣೆ ಶೇ. 91 ಬಂದಾಗ ಹಿಗ್ಗಿದೆ. ಎಣಿಕೆಯಾದದ್ದು ಬರೀ ಶೇ. 4! ಉಳಿದದ್ದೆಲ್ಲ ಹೆಚ್ಚುಕಡಿಮೆ ‘ನೋ ಫೀಚರ್’ (ಯಾವ ಜೀನ್‌ಗೂ ಸೇರದ್ದು) ಸಾಲಿಗೆ ಬಿದ್ದಿದೆ. ಜೀನ್‌ಗಳು ಎಲ್ಲೆಲ್ಲಿವೆ ಎಂದು ಹೇಳುವ ಜಿಟಿಎಫ್ ಕಡತವನ್ನು ಹೊಸದಾಗಿ ಇಳಿಸಿಕೊಂಡರೂ ಅದೇ ಕಥೆ. ನಡುವೆ ಮಳೆಗೆ ಎರಡು ಬಾರಿ ಕರೆಂಟ್ ಹೋಗಿತ್ತು. ಕಡತಗಳು ಕೆಟ್ಟಿರಬಹುದೇ?

ತುಂಗಾತೀರ, ಶಿವಮೊಗ್ಗ:
ಈ ಸಲ ಕರೆಂಟ್ ನಿರಪರಾಧಿ. 12 ಕಡತಗಳೂ ಒಂದೇ ಅಳತೆಯಲ್ಲಿ ಕೆಡುವುದಿಲ್ಲ. ಜೀನೋಮ್‌ನಲ್ಲಿನ ಮತ್ತು ಜಿಟಿಎಫ್‌ನಲ್ಲಿನ ಕ್ರೋಮೋಸೋಮ್ ಹೆಸರುಗಳು ಹೊಂದದಿದ್ದರೆ ಎಣಿಕೆ ಸೊನ್ನೆ ಬರುತ್ತಿತ್ತು, ನಾಲ್ಕಲ್ಲ. ನನ್ನ ಅನುಮಾನವೆಲ್ಲ ಎಳೆಯ ದಿಕ್ಕಿನ ಮೇಲೆ, ಅಂದರೆ ರೀಡ್ ಡಿಎನ್‌ಎಯ ಎರಡು ಎಳೆಗಳಲ್ಲಿ ಯಾವುದಕ್ಕೆ ಹೊಂದುತ್ತದೆ ಎಂಬುದರ ಮೇಲೆ. ಲೈಬ್ರರಿ (ಸೀಕ್ವೆನ್ಸಿಂಗ್‌ಗೆ ಸಿದ್ಧಪಡಿಸಿದ ಮಾದರಿ) ಯಾವ ಬಗೆಯದು?

ಮೆಣಸುಬಳ್ಳಿ:
ಸೀಕ್ವೆನ್ಸಿಂಗ್ ಮಾಡಿಕೊಟ್ಟವರ ವರದಿಯಲ್ಲಿ ‘ಡಿಯುಟಿಪಿ’ ಎಂಬ ಒಂದು ಪದವಷ್ಟೇ ಇದೆ.

ತುಂಗಾತೀರ:
ಹಾಗಾದರೆ ಕಳ್ಳ ಸಿಕ್ಕಿದ. ಆ ವಿಧಾನದಲ್ಲಿ ಆರ್‌ಎನ್‌ಎಯಿಂದ ನಕಲು ಮಾಡಿದ ಡಿಎನ್‌ಎ, ಅಂದರೆ ಸಿಡಿಎನ್‌ಎಯ ಎರಡನೆಯ ಎಳೆಗೆ ಟಿ ಬದಲು ಯು ಸೇರಿಸಿ, ಆಮೇಲೆ ಆ ಎಳೆಯನ್ನೇ ನಾಶ ಮಾಡುತ್ತಾರೆ. ಉಳಿಯುವುದು ಮೊದಲ ಎಳೆ. ಹೀಗಾಗಿ ಒಂದೇ ಚೂರನ್ನು ಎರಡೂ ತುದಿಗಳಿಂದ ಓದಿದ ಜೋಡಿಯ ಮೊದಲ ರೀಡ್ ಜೀನ್‌ನ ವಿರುದ್ಧ ದಿಕ್ಕಿನಲ್ಲಿ ಕೂರುತ್ತದೆ. ಎಚ್‌ಟಿಸೆಕ್‌ಗೆ ನೀವು ಏನೂ ಹೇಳದಿದ್ದರೆ ‘ಸ್ಟ್ರ್ಯಾಂಡೆಡ್’ ಆಯ್ಕೆಯನ್ನು ‘ಯೆಸ್’ ಎಂದೇ ಹಿಡಿದು, ಮೊದಲ ರೀಡ್ ಜೀನ್‌ನ ದಿಕ್ಕಿನಲ್ಲೇ ಇರಬೇಕೆಂದು ಹಟ ಹಿಡಿಯುತ್ತದೆ. ಅದನ್ನು ‘ರಿವರ್ಸ್’ ಮಾಡಿ.

ನನ್ನ ಮಾತನ್ನು ನಂಬುವ ಮೊದಲು ಒಂದು ಮಾದರಿಯನ್ನು ಸ್ಟಾರ್‌ನ ‘ಜೀನ್‌ಕೌಂಟ್ಸ್’ ಆಯ್ಕೆಯೊಂದಿಗೆ ಓಡಿಸಿ. ಬರುವ ಪಟ್ಟಿಯ ಎರಡನೆಯ ಅಂಕಣ ದಿಕ್ಕು ಲೆಕ್ಕಿಸದ್ದು, ಮೂರನೆಯದು ‘ಯೆಸ್’, ನಾಲ್ಕನೆಯದು ‘ರಿವರ್ಸ್’. ಯಾವುದು ತುಂಬಿದೆ ನೋಡಿ. ‘ನೋ’ ಹಾಕಿದರೂ ಎಣಿಕೆ ಏರುತ್ತದೆ, ಆದರೆ ಆ ಅಡ್ಡದಾರಿ ಬೇಡ. ಎದುರುಬದುರು ಎಳೆಗಳಲ್ಲಿ ಒಂದರ ಮೇಲೊಂದು ಬರುವ ಜೀನ್‌ಗಳನ್ನು ಆಗ ಬೇರ್ಪಡಿಸಲಾಗುವುದಿಲ್ಲ.

ಮೆಣಸುಬಳ್ಳಿ:
ಮೂರನೆಯದರಲ್ಲಿ ಶೇ. 4, ನಾಲ್ಕನೆಯದರಲ್ಲಿ ಶೇ. 79. ಮೂರು ವಾರ ಜಿಟಿಎಫ್ ಕಡತವನ್ನು ಶಪಿಸಿದೆನಲ್ಲ! ಪೈಪ್‌ಲೈನೇ ಇದನ್ನು ಪತ್ತೆ ಮಾಡುವಂತೆ ನಾನೇ ತಿದ್ದಿ ಕಳುಹಿಸಬಹುದೇ?

ಕುಂದಾದ್ರಿ, ಆಗುಂಬೆ:
ಖಂಡಿತ ಕಳುಹಿಸಿ. ಎನ್‌ಎಫ್‌-ಕೋರ್ ಸಮುದಾಯದ ಆರ್‌ಎನ್‌ಎಸೆಕ್ ಪೈಪ್‌ಲೈನ್‌ನಲ್ಲಿ ಮಾದರಿ ಪಟ್ಟಿಯಲ್ಲಿ ‘ಆಟೋ’ ಎಂದು ಬರೆದರೆ, ಸ್ವಲ್ಪ ರೀಡ್‌ಗಳನ್ನು ಸಾಲ್ಮನ್ ಎಂಬ ಎಣಿಕೆ ತಂತ್ರಾಂಶಕ್ಕೆ ಕೊಟ್ಟು ದಿಕ್ಕನ್ನು ಊಹಿಸಿಕೊಳ್ಳುತ್ತದೆ. ನೀವು ಬಳಸುವ ಪೈಪ್‌ಲೈನ್ ಮಾತ್ರ ತಾನಾಗಿ ಸರಿಪಡಿಸಿಕೊಂಡು ಮುಂದೆ ಹೋಗುವುದು ಬೇಡ. ಬಳಕೆದಾರರು ಬರೆದದ್ದಕ್ಕೂ ಕಂಡದ್ದಕ್ಕೂ ತಾಳೆಯಾಗದಿದ್ದರೆ ನಿಲ್ಲಲಿ. ಎಚ್ಚರಿಕೆಯ ಸಾಲನ್ನು ಯಾರೂ ಓದುವುದಿಲ್ಲ, ನಾನೂ ಓದುವುದಿಲ್ಲ. ದಿಕ್ಕು ಅತ್ತಲೂ ಅಲ್ಲ ಇತ್ತಲೂ ಅಲ್ಲ ಎಂಬಂತಿದ್ದರೆ ಡಿಎನ್‌ಎ ಬೆರಕೆಯಾಗಿರಬಹುದು. ಅದನ್ನೂ ಸಂದೇಶದಲ್ಲಿ ಹೇಳಲಿ. ಜೊತೆಗೆ ಒಂದು ಪುಟ್ಟ ಪರೀಕ್ಷಾ ದತ್ತಾಂಶ ಇಡಿ. ಬೇರೆ ತಿದ್ದುಪಡಿಗಳನ್ನು ಇದರೊಳಗೆ ತುರುಕಬೇಡಿ.

ಮೆಣಸುಬಳ್ಳಿ:
ಆಗಲಿ. 12ನ್ನೂ ಮೊದಲಿನಿಂದ ಜೋಡಿಸಬೇಕೇ?

ತುಂಗಾತೀರ:
ಬೇಡ, ಜೋಡಣೆಯ ಫಲಿತಾಂಶವಿರುವ ಬ್ಯಾಮ್ ಕಡತಗಳು ಸರಿಯಾಗಿಯೇ ಇವೆ. ಎಣಿಕೆ ಮಾತ್ರ ಮತ್ತೆ ಮಾಡಿ. ಪೈಪ್‌ಲೈನ್ ಓಡಿಸುವುದು ನೆಕ್ಸ್ಟ್‌ಫ್ಲೋ ಆದರೆ, ಮುಗಿದ ಹಂತಗಳನ್ನು ಮತ್ತೆ ಮಾಡದಂತೆ ‘ರೆಸ್ಯೂಮ್’ ಕೊಡಿ. ಅದಕ್ಕೆ ಬೇಕಾದ ‘ವರ್ಕ್’ ಫೋಲ್ಡರ್ ಅಳಿಸಿಲ್ಲ ತಾನೇ?

ಮೆಣಸುಬಳ್ಳಿ:
ಜಾಗ ಸಾಲದೆ ನಿನ್ನೆ ರಾತ್ರಿ ಅಳಿಸಿಬಿಟ್ಟೆ. ಫಲಿತಾಂಶದ ಫೋಲ್ಡರಿನಲ್ಲಿ ಬ್ಯಾಮ್ ಪ್ರತಿಗಳು ಉಳಿದಿವೆ, ಎಚ್‌ಟಿಸೆಕ್ ಅನ್ನು ನೇರವಾಗಿ ಅವುಗಳ ಮೇಲೆಯೇ ಓಡಿಸುತ್ತೇನೆ.