ಕಣ್ಣು ಕೆಂಪಗಿದ್ದದ್ದು ಹೋಗ್ತಾನೇ ಇಲ್ಲ, ಡ್ರಾಪ್ಸ್ ಹಾಕಿದಾಗ ಮಾತ್ರ ಬೆಳ್ಳಗಾಗುತ್ತದೆ

ಸ್ಟುಡಿಯೋ ಹುಡುಗ:
ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಲ್ಲಿ ಫೋಟೋ ಸ್ಟುಡಿಯೋ ಇದೆ ನಂದು. ಸೀಸನ್ ಬಂತೆಂದರೆ ಹಗಲು ಮದುವೆ ಮನೆ, ರಾತ್ರಿ ಏಸಿ ರೂಮಿನಲ್ಲಿ ಕಂಪ್ಯೂಟರ್ ಮುಂದೆ ಆಲ್ಬಮ್ ಕೆಲಸ. ಎರಡೂ ಕಣ್ಣು ಕೆಂಪಗಿರುವುದು ಐದಾರು ತಿಂಗಳಿಂದ ನಡೆದೇ ಇದೆ. ನೋವಿಲ್ಲ, ದೃಷ್ಟಿ ಸರಿಯಾಗಿದೆ, ಸ್ವಲ್ಪ ಉರಿ, ಮರಳು ಬಿದ್ದ ಹಾಗೆ ಚುರುಚುರು. ಮೆಡಿಕಲ್ ಸ್ಟೋರ್‌ನಲ್ಲಿ ಒಂದು ಡ್ರಾಪ್ಸ್ ಕೊಟ್ಟರು, ಹಾಕಿದ ಹತ್ತು ನಿಮಿಷಕ್ಕೆ ಕಣ್ಣು ಹಾಲಿನಷ್ಟು ಬಿಳಿ, ಸಂಜೆ ಹೊತ್ತಿಗೆ ಮತ್ತೆ ಕೆಂಪು. ಮೊದಲು ದಿನಕ್ಕೆ ಒಂದು ಸಲ ಸಾಕಿತ್ತು, ಈಗ ನಾಲ್ಕು ಸಲ ಹಾಕಿದರೂ ಸಾಲದು. ಹಸೆಮಣೆ ಹತ್ತಿರ ಕ್ಯಾಮೆರಾ ಹಿಡಿದು ನಿಂತರೆ ಹೆಣ್ಣಿನ ಕಡೆಯವರು ನನ್ನ ಮುಖ ನೋಡಿ ಗುಸುಗುಸು ಅಂತಾರೆ, ಬೆಳಿಗ್ಗೆನೇ ಏರಿಸಿಕೊಂಡು ಬಂದಿದ್ದಾನೆ ಅಂತ. ಬಿಯರ್ ಕೂಡ ಮುಟ್ಟದವನು ನಾನು! ಯಾರಿಗಾದರೂ ಹೀಗಾಗಿತ್ತಾ? ಏನು ಮಾಡಿದಿರಿ?

ಗೌಡ್ರು ಮಂಡ್ಯ:
ಉಷ್ಣ ಕಣಪ್ಪ, ಬೇರೇನಿಲ್ಲ. ನಿದ್ದೆಗೆಟ್ಟರೆ ಮೈಯೆಲ್ಲ ಉಷ್ಣವಾಗಿ ಕಣ್ಣಿಗೆ ಬರುತ್ತದೆ. ವಾರಕ್ಕೊಂದು ಸಲ ಹರಳೆಣ್ಣೆ ಹಚ್ಚಿ ಸ್ನಾನ ಮಾಡು, ಎಳನೀರು ಕುಡಿ. ನಮ್ಮಜ್ಜಿ ನಂದಿಬಟ್ಟಲು ಹೂವಿನ ರಸ ಬಿಡುತ್ತಿದ್ದರು.

ಕನ್ನಡಕದ ಅಕ್ಕ:
ನಾನು ಆಪ್ಟೋಮೆಟ್ರಿಸ್ಟ್, ಅಂದರೆ ದೃಷ್ಟಿ ಪರೀಕ್ಷೆ ಮಾಡಿ ಕನ್ನಡಕದ ನಂಬರ್ ಕೊಡುವವಳು, ಡಾಕ್ಟರ್ ಅಲ್ಲ. ಹಾಗಾಗಿ ಇದನ್ನು ತಿಳಿದವರ ಮಾತು ಅಂತ ತಗೊಳ್ಳಿ, ಚೀಟಿ ಅಂತ ಅಲ್ಲ.

ಗೌಡ್ರೇ, ಎಣ್ಣೆ ಸ್ನಾನ, ಎಳನೀರಿಗೆ ನನ್ನ ತಕರಾರಿಲ್ಲ. ಆದರೆ ಹೂವಿನ ರಸ, ಜೇನುತುಪ್ಪ, ಎದೆಹಾಲು, ಯಾವುದೂ ಕಣ್ಣೊಳಗೆ ಬೇಡ. ಗಿಡದಿಂದ ಕಿತ್ತ ಹೂವಿನಲ್ಲಿ ಕ್ರಿಮಿ, ಫಂಗಸ್ ಇದ್ದೇ ಇರುತ್ತದೆ.

ತಮ್ಮಾ, ಮೊದಲು ಆ ಬಾಟಲಿ ತೆಗೆದು ಸಣ್ಣ ಅಕ್ಷರ ಓದು. ಹತ್ತು ನಿಮಿಷಕ್ಕೆ ಬೆಳ್ಳಗಾಯಿತು ಅಂದರೆ ನಫಾಜೋಲಿನ್ ಥರದ್ದು ಇರಬೇಕು. ಅದು ಕಣ್ಣಿನ ರಕ್ತನಾಳಗಳನ್ನು ಬಿಗಿ ಹಿಡಿಯುತ್ತದೆ, ಅಷ್ಟೇ. ಕಾಯಿಲೆ ಇದ್ದಲ್ಲೇ ಇರುತ್ತದೆ. ಔಷಧಿ ಇಳಿದ ಮೇಲೆ ನಾಳಗಳು ಮೊದಲಿಗಿಂತ ಜಾಸ್ತಿ ಹಿಗ್ಗುತ್ತವೆ, ನೀನು ಮತ್ತೆ ಹಾಕುತ್ತೀಯ, ಅದು ಮತ್ತೆ ಹಿಗ್ಗುತ್ತದೆ. ಇಂಥ ಡ್ರಾಪ್ಸ್‌ಗೆ ಎರಡು ಮೂರು ದಿನದ ಮೇಲೆ ಮುಂದುವರಿಸಬೇಡಿ ಅಂತ ಹೇಳುವುದೇ ಇದಕ್ಕೆ. ಇನ್ನೊಂದು, ಹೆಸರಿನಲ್ಲಿ ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೊಲೋನ್ ಏನಾದರೂ ಇದೆಯಾ? ಇದ್ದರೆ ಅದು ಸ್ಟೀರಾಯ್ಡ್, ಉರಿಯೂತ ಇಳಿಸುವ ಬಲವಾದ ಔಷಧಿ. ಆಂಟಿಬಯಾಟಿಕ್ ಜೊತೆ ಬೆರೆಸಿದ್ದು ಅಂಗಡಿಗಳಲ್ಲಿ ಬಹಳ ಓಡುತ್ತದೆ. ತಿಂಗಳುಗಟ್ಟಲೆ ಹಾಕಿದರೆ ಕೆಲವರಿಗೆ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ (ಕಣ್ಣಿನ ನರ ಹಾಳಾಗುವ ಕಾಯಿಲೆ) ಆಗುತ್ತದೆ, ಪೊರೆಯೂ ಬರುತ್ತದೆ. ಕೆಟ್ಟದ್ದೇನೆಂದರೆ ಒತ್ತಡ ಏರಿದ್ದು ಗೊತ್ತೇ ಆಗುವುದಿಲ್ಲ.

ಕನ್ನಡಿ ಮುಂದೆ ನಿಂತು ರೆಪ್ಪೆಗೂದಲ ಬುಡ ನೋಡಿ ಹೇಳು, ತಲೆಹೊಟ್ಟಿನ ಥರ ಏನಾದರೂ ಇದೆಯಾ? ತುರಿಕೆ ಇದೆಯಾ? ಬೆಳಿಗ್ಗೆ ಗೀಜು?

ಬೆನ್ನು ನೋವಿನವ:
ಅಕ್ಕ ಹೇಳಿದ್ದು ಸರಿ, ಒಂದು ಸೇರಿಸುತ್ತೇನೆ. ನನಗೆ ಒಂದೇ ಕಣ್ಣು ಕೆಂಪಾಗುತ್ತಿತ್ತು. ಕಪ್ಪು ಗುಡ್ಡೆ ಸುತ್ತ ಉಂಗುರದ ಹಾಗೆ ಕೆಂಪು, ಕಿಟಕಿ ಕಡೆ ನೋಡಿದರೆ ನೋವು, ಸ್ವಲ್ಪ ಮಂಜು. ಎಲ್ಲರೂ ಮದ್ರಾಸ್ ಐ ಅಂದರು. ಕಣ್ಣಿನ ಡಾಕ್ಟರು ಮಾತ್ರ ಬೆಳಿಗ್ಗೆ ಎದ್ದಾಗ ಸೊಂಟ ಹಿಡಿಯುತ್ತದಾ ಅಂತ ಕೇಳಿದರು. ಕಣ್ಣಿಗೂ ಸೊಂಟಕ್ಕೂ ಏನು ಸಂಬಂಧ ಅಂತ ನಗು ಬಂತು, ಆದರೆ ನಿಜಕ್ಕೂ ಹಿಡಿಯುತ್ತಿತ್ತು. ಯುವಿಯೈಟಿಸ್, ಅಂದರೆ ಕಣ್ಣಿನ ಒಳಗಿನ ಉರಿಯೂತ, ಜೊತೆಗೆ ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್, ಅಂದರೆ ಬೆನ್ನುಮೂಳೆ ಕೀಲುಗಳ ಉರಿಯೂತ. ಎಚ್‌ಎಲ್‌ಎ ಬಿ27 ಅನ್ನುವ, ಈ ಕಾಯಿಲೆಯವರಲ್ಲಿ ಹೆಚ್ಚಾಗಿ ಸಿಗುವ ಗುರುತಿನ ರಕ್ತ ಪರೀಕ್ಷೆ ಪಾಸಿಟಿವ್ ಬಂತು. ಸ್ಟೀರಾಯ್ಡ್ ಡ್ರಾಪ್ಸ್‌ನಿಂದಲೇ ವಾಸಿಯಾಯಿತು, ಆದರೆ ಅವರು ಕಣ್ಣಿನ ಒತ್ತಡ ನೋಡುತ್ತಾ ಹಂತಹಂತವಾಗಿ ಇಳಿಸಿದರು. ಔಷಧಿಯೇ ಕೆಟ್ಟದ್ದು ಅಂತಲ್ಲ, ಯಾರೂ ಕಣ್ಣು ನೋಡದೆ ಕೊಡುವುದು ಕೆಟ್ಟದ್ದು.

ಸ್ಟುಡಿಯೋ ಹುಡುಗ:
ಬಾಟಲಿ ನೋಡಿದೆ ಅಕ್ಕಾ, ನಫಾಜೋಲಿನ್ನೇ. ಸ್ಟೀರಾಯ್ಡ್ ಹೆಸರು ಯಾವುದೂ ಇಲ್ಲ, ಬದುಕಿದೆ. ತುರಿಕೆ ಇಲ್ಲ. ರೆಪ್ಪೆ ಬುಡದಲ್ಲಿ ಹೊಟ್ಟು ಇದೆ, ಬೆಳಿಗ್ಗೆ ಮೂಲೆಯಲ್ಲಿ ಸ್ವಲ್ಪ ನೊರೆ. ನಿಲ್ಲಿಸಿದರೆ ಮತ್ತೆ ಕೆಂಪಾಗುತ್ತದಲ್ವಾ, ಮುಂದಿನ ವಾರ ಎರಡು ರಿಸೆಪ್ಷನ್ ಇದೆ.

ಕನ್ನಡಕದ ಅಕ್ಕ:
ಆಗುತ್ತದೆ, ಮೊದಲಿಗೆ ಜಾಸ್ತಿಯೇ ಆಗುತ್ತದೆ. ತಡೆದುಕೋ. ರಿಸೆಪ್ಷನ್‌ಗೆ ಕಪ್ಪು ಕನ್ನಡಕ ಹಾಕಿಕೊಂಡು ಹೋಗು, ಕ್ಯಾಮೆರಾಮನ್ ತಾನೇ, ಸ್ಟೈಲ್ ಅನ್ನುತ್ತಾರೆ.

ನೀನು ಹೇಳುವುದು ನೋಡಿದರೆ ರೆಪ್ಪೆ ಅಂಚಿನ ಉರಿಯೂತ ಮತ್ತು ಕಣ್ಣು ಒಣಗುವುದು, ಎರಡೂ ಸೇರಿದ ಹಾಗಿದೆ. ಒಂದೊಂದು ರೆಪ್ಪೆಯಲ್ಲೂ 20ರಿಂದ 40 ಸಣ್ಣ ಎಣ್ಣೆ ಗ್ರಂಥಿಗಳಿವೆ. ಕಣ್ಣೀರು ಬೇಗ ಆರದ ಹಾಗೆ ಮೇಲೊಂದು ತೆಳು ಪದರ ಹಾಸುವುದು ಆ ಎಣ್ಣೆ. ಅದು ಚಳಿಗಾಲದ ತುಪ್ಪದ ಹಾಗೆ ಗಟ್ಟಿಯಾಗಿ ಬಾಯಿ ಕಟ್ಟಿದರೆ ಕಣ್ಣು ಒಣಗಿ ಕೆಂಪಾಗುತ್ತದೆ. ಅದರ ಮೇಲೆ ರಾತ್ರಿಯಿಡೀ ಸ್ಕ್ರೀನ್, ಏಸಿ. ಸುಮ್ನೆ ಕೂತಾಗ ನಿಮಿಷಕ್ಕೆ ಸುಮಾರು 15 ಸಲ ಮಿಟುಕಿಸುವ ಕಣ್ಣು ಸ್ಕ್ರೀನ್ ಮುಂದೆ ಐದಾರು ಸಲಕ್ಕೆ ಇಳಿಯುತ್ತದೆ, ಅದೂ ಅರ್ಧಂಬರ್ಧ.

ಮಾಡಬೇಕಾದ್ದು ಇಷ್ಟು. ಶುಭ್ರ ಬಟ್ಟೆಯನ್ನು ಬಿಸಿನೀರಿನಲ್ಲಿ ಅದ್ದಿ ಹಿಂಡಿ, ಮಣಿಕಟ್ಟಿಗೆ ಇಟ್ಟು ಬಿಸಿ ತಡೆಯುತ್ತದಾ ನೋಡಿಕೊಂಡು, ಮುಚ್ಚಿದ ಕಣ್ಣಿನ ಮೇಲೆ ಐದರಿಂದ ಹತ್ತು ನಿಮಿಷ ಇಡು. ಬಟ್ಟೆ ಬೇಗ ಆರುತ್ತದೆ, ಮತ್ತೆ ಅದ್ದಬೇಕು. ಆಮೇಲೆ ಮೇಲಿನ ರೆಪ್ಪೆಯನ್ನು ಕೆಳಕ್ಕೆ, ಕೆಳಗಿನದನ್ನು ಮೇಲಕ್ಕೆ ಬೆರಳಿಂದ ಮೆಲ್ಲಗೆ ಸವರು. ನೀರು ಬೆರೆಸಿದ ಬೇಬಿ ಶಾಂಪೂವನ್ನು ಹತ್ತಿಗೆ ಹಚ್ಚಿ ರೆಪ್ಪೆಗೂದಲ ಬುಡ ಒರೆಸಿ ತೊಳೆ. ದಿನಕ್ಕೆ ಎರಡು ಹೊತ್ತು. ಒಂದು ತಿಂಗಳಾದರೂ ಬಿಡದೆ ಮಾಡಬೇಕು, ಜನ ಮೂರು ದಿನ ಮಾಡಿ ಕೈಬಿಡುತ್ತಾರೆ. ಕಾರ್ಬಾಕ್ಸಿ ಮೀಥೈಲ್ ಸೆಲ್ಯುಲೋಸ್ ಇರುವ ಕಣ್ಣೀರಿನ ಡ್ರಾಪ್ಸ್ ಹಾಕಬಹುದು. ದಿನಕ್ಕೆ ನಾಲ್ಕು ಸಲಕ್ಕಿಂತ ಜಾಸ್ತಿ ಬೇಕಾದರೆ ಪ್ರಿಸರ್ವೇಟಿವ್ (ಕೆಡದ ಹಾಗೆ ಬೆರೆಸುವ ರಾಸಾಯನಿಕ) ಇಲ್ಲದ್ದೇ ಕೇಳು. ಏಸಿ ಗಾಳಿ ಮುಖಕ್ಕೆ ಹೊಡೆಯದ ಹಾಗೆ ಕುರ್ಚಿ ತಿರುಗಿಸು.

ಇಷ್ಟಾದರೂ ಒಂದು ಸಲ ಕಣ್ಣಿನ ಡಾಕ್ಟರಿಗೆ ತೋರಿಸು. ಐದಾರು ತಿಂಗಳ ಕೆಂಪನ್ನು ಫೋನಿನಲ್ಲಿ ಬರೆದದ್ದು ಓದಿ ಯಾರೂ ನಿರ್ಧರಿಸಬಾರದು. ನೋವು, ಬೆಳಕು ಕಂಡರೆ ತಡೆಯಲಾಗದಿರುವುದು, ದೃಷ್ಟಿ ಮಂಜಾಗುವುದು, ವಾಂತಿ ಜೊತೆ ತಲೆನೋವು, ಇದರಲ್ಲಿ ಒಂದು ಬಂದರೂ ಅವತ್ತೇ ಹೋಗಬೇಕು. ಕಣ್ಣಿಗೆ ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಕೆಂಪಾದ ತಕ್ಷಣ ತೆಗೆದಿಡಬೇಕು.

ಗೌಡ್ರು ಮಂಡ್ಯ:
ಆಯ್ತಮ್ಮ, ಹೂವಿನ ರಸ ಬಿಟ್ಟೆ. ಸ್ಟೀರಾಯ್ಡ್ ಅಂದಿರಲ್ಲ, ನಮ್ಮ ಪಕ್ಕದ ಹೊಲದವನಿಗೆ ಕಬ್ಬಿನ ಗರಿ ಕಣ್ಣಿಗೆ ಗೀರಿತ್ತು. ಅಂಗಡಿಯಿಂದ ತಂದು ಬಿಟ್ಟುಕೊಂಡದ್ದು ಅಂಥದ್ದೇ ಇರಬೇಕು. ಎರಡು ದಿನ ಆರಾಮ ಅಂದ. ಆಮೇಲೆ ಕಪ್ಪು ಗುಡ್ಡೆ ಮೇಲೆ ಬಿಳಿ ಚುಕ್ಕೆ ಎದ್ದಿತು. ಫಂಗಸ್ ಅಂದರು, ಈಗ ಆ ಕಣ್ಣಲ್ಲಿ ಮಸುಕು.

ಕನ್ನಡಕದ ಅಕ್ಕ:
ಹೌದು ಗೌಡ್ರೇ, ಕಬ್ಬು, ಭತ್ತದ ಹೊಟ್ಟು, ಜೋಳದ ದಂಟು ತಾಗಿದ ಕಣ್ಣಿಗೆ ಅದು ದೊಡ್ಡ ಅಪಾಯ. ಸ್ಟೀರಾಯ್ಡ್ ನೋವು ಇಳಿಸುತ್ತದೆ, ಒಳಗೆ ಫಂಗಸ್ ಹಬ್ಬುತ್ತದೆ.

ಪುಟ್ಟನ ಅಮ್ಮ:
ನಡುವೆ ಬಾಯಿ ಹಾಕುತ್ತಿದ್ದೇನೆ. ಮಗನಿಗೆ 8 ವರ್ಷ, ಪ್ರತಿ ಬೇಸಿಗೆ ಎರಡೂ ಕಣ್ಣು ಕೆಂಪು, ಉಜ್ಜಿ ಉಜ್ಜಿ ಇಡುತ್ತಾನೆ, ದಾರದ ಹಾಗೆ ಗೀಜು ಬರುತ್ತದೆ. ಹೋದ ವರ್ಷದ ಚೀಟಿಯ ಡ್ರಾಪ್ಸ್ ಮತ್ತೆ ತರಲಾ?

ಕನ್ನಡಕದ ಅಕ್ಕ:
ಹಳೇ ಚೀಟಿ ಬೇಡಮ್ಮ. ಇದು ಅಲರ್ಜಿ ಇರಬಹುದು, ಗಂಡು ಮಕ್ಕಳಲ್ಲಿ ಜಾಸ್ತಿ, ದೊಡ್ಡವರಾಗುತ್ತಾ ಬಹಳ ಜನಕ್ಕೆ ಕಡಿಮೆಯಾಗುತ್ತದೆ. ತಣ್ಣೀರು ಬಟ್ಟೆ ಇಡಿ. ಒಲೋಪಟಡಿನ್ ಥರದ ಅಲರ್ಜಿ ಡ್ರಾಪ್ಸ್ ಸಾಕಾ ಅಂತ ಡಾಕ್ಟರನ್ನು ಕೇಳಿ. ಹೋದ ವರ್ಷದ್ದರಲ್ಲಿ ಸ್ಟೀರಾಯ್ಡ್ ಇದ್ದರೆ ಅದನ್ನೂ ಹೇಳಿ, ಕಣ್ಣಿನ ಒತ್ತಡ ನೋಡುತ್ತಾರೆ. ಉಜ್ಜುವುದನ್ನು ಮಾತ್ರ ಹೇಗಾದರೂ ಬಿಡಿಸಿ. ವರ್ಷಗಟ್ಟಲೆ ಉಜ್ಜಿದ ಮಕ್ಕಳಲ್ಲಿ ಕೆಲವರಿಗೆ ಕಪ್ಪು ಗುಡ್ಡೆ ಮುಂದಕ್ಕೆ ಚೂಪಾಗಿ ಕನ್ನಡಕದ ನಂಬರ್ ಏರುತ್ತಾ ಹೋಗುತ್ತದೆ. ನಮ್ಮ ಕ್ಲಿನಿಕ್ಕಿಗೆ ಬರುವ ಅಂಥ ಹುಡುಗರಲ್ಲಿ ಕಣ್ಣು ಉಜ್ಜದವರು ಕಡಿಮೆ.